ಕತ್ತೆ ಬಿಟ್ಟ ಕಿರುಬ

ಈಚೆಗೆ ಹುಡುಗರು ಫೋನ್ ಮಾಡುತ್ತಾರೆ. "ಅಂಕಲ್, ರೆಸಾರ್ಟಲ್ಲಿ ಗೈಡ್ ಕೆಲಸ ಸಿಕ್ತು. ನೀವು ಇಷ್ಟು ವರ್ಷ ಇದೇ ಲೈನಲ್ಲಿದ್ರಲ್ಲ, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ಟಿಪ್ಸಂತೆ ಟಿಪ್ಸು! ಬೇಡ ಕಣ್ರೋ, ಬೇರೆ ಏನಾದರೂ ಮಾಡಿಕೊಂಡು ತಿನ್ನಿ ಅನ್ನೋಣ ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಸಂಭ್ರಮದಲ್ಲಿರುವವರಿಗೆ ಹಾಗಂತ ಹೇಳಲು ಮನಸ್ಸು ಬರುವುದಿಲ್ಲ. "ಒಳ್ಳೇದಾಗ್ಲಿ ಕಣಪ್ಪ" ಅಂತ ಫೋನ್ ಇಡುತ್ತೇನೆ. ಹೇಳದೆ ಬಿಟ್ಟದ್ದು ಮನಸ್ಸಿನಲ್ಲೇ ಉಳಿಯುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಜೀಪು ಓಡಿಸಿದ ಕೈ, ಅಕ್ಷರ ಸೊಟ್ಟ ಇದ್ದೀತು, ವಿಷಯ ಸೊಟ್ಟ ಇಲ್ಲ.

ನಾನು ಮೊದಲು ಅರಸೀಕೆರೆ ಸ್ಟೇಷನ್ ಮುಂದೆ ಟ್ಯಾಕ್ಸಿ ನಿಲ್ಲಿಸಿಕೊಂಡಿದ್ದವನು. ರೈಲಿಳಿದವರನ್ನು ಹತ್ತಿಸಿಕೊಂಡು ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು, ಸಾಯಂಕಾಲ ವಾಪಸ್ಸು. ಒಂದು ಸಲ ಬೆಂಗಳೂರಿನ ಒಬ್ಬ ದಪ್ಪನೆಯ ಸಾಹೇಬರು ಹಳೇಬೀಡಿನ ಗುಡಿ ಸುತ್ತಿ ಸುಸ್ತಾಗಿ ಬಂದು ಕಾರಲ್ಲಿ ಕೂತು, "ಕಲ್ಲಿನ ಆನೆ ಸಾಕು ಡ್ರೈವರೇ, ಉಸಿರಾಡೋದು ಏನಾದ್ರೂ ಇದ್ರೆ ತೋರ್ಸಿ" ಅಂದರು. ವಾಪಸ್ ಬರುವ ದಾರಿಯಲ್ಲಿ ನಮ್ಮ ಕಾವಲು ಇದೆ. ಕಾವಲು ಅಂದರೆ ಹಿಂದೆ ಅರಮನೆಯ ದನ ಮೇಯಲು ಬಿಟ್ಟಿದ್ದ ಹುಲ್ಲುಗಾವಲು, ನಡುವೆ ಒಂದು ಬಂಡೆಗುಡ್ಡ. ಅಲ್ಲಿ ಗಾಡಿ ನಿಲ್ಲಿಸಿ ಕೃಷ್ಣಮೃಗದ ಹಿಂಡು ತೋರಿಸಿದೆ. ಮನುಷ್ಯ ಕಾರಿನಿಂದ ಇಳಿದವರು ಹೊತ್ತು ಮುಳುಗುವ ತನಕ ಹತ್ತಲಿಲ್ಲ. ಮುಂದಿನ ವಾರ ಸ್ನೇಹಿತರನ್ನು ಕಟ್ಟಿಕೊಂಡು, ಮೊಣಕೈಯುದ್ದದ ಲೆನ್ಸು ತಗೊಂಡು ಬಂದರು. ಗುಡಿ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಹೊಟ್ಟೆಪಾಡು ಅಲ್ಲಿಂದ ದಾರಿ ಬದಲಾಯಿಸಿತು.

ಈ ಸುದ್ದಿ ಅರಸೀಕೆರೆಯ ಒಬ್ಬ ಕೊಬ್ಬರಿ ಸಾಹುಕಾರರ ಕಿವಿಗೆ ಬಿತ್ತು. ಕಾವಲಿನ ಅಂಚಿಗೇ ಅವರ ತೆಂಗಿನ ತೋಟ. ತೋಟದಲ್ಲಿ ಗುಡಾರ ಹಾಕಿಸಿ, ಕ್ಯಾಂಪು ಅಂತ ಹೆಸರಿಟ್ಟು, ನನ್ನನ್ನು ಕರೆಸಿದರು. "ನೋಡು ರುದ್ರಪ್ಪ, ಕಾಯಿ ಬಿದ್ದರೆ ಕಾಸು, ಪ್ರಾಣಿ ಎದ್ದರೆ ಕಾಸು. ಎರಡೂ ನಮ್ಮ ಕೈಲಿಲ್ಲ, ಶಿವನ ಇಚ್ಛೆ" ಅಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನೀವು ಅವರನ್ನು ಬೈಯುತ್ತೀರಿ. ನಾನೂ ಬೈದಿದ್ದೇನೆ.

ಶುರುವಿನಲ್ಲಿ ಎಡವಟ್ಟುಗಳೇ ಜಾಸ್ತಿ. ಒಬ್ಬ ಡಾಕ್ಟರು ತೋಳದ ಫೋಟೋ ಬೇಕು ಅಂತ ಮೂರು ದಿನ ಹಟ ಹಿಡಿದು ಕೂತರು. ಕಡೆಗೆ ಒಂದು ಬೆಳಿಗ್ಗೆ ಮಂಜಿನಲ್ಲಿ ಬೂದುಬಣ್ಣದ್ದೊಂದು ಬಂಡೆ ಮೇಲೆ ನಿಂತಿತ್ತು. ಡಾಕ್ಟರು ನೆಲಕ್ಕೆ ಮಲಗಿ ಟಕಟಕ ತೆಗೆದೇ ತೆಗೆದರು. ಕಣ್ಣಲ್ಲಿ ನೀರು. ಅಷ್ಟರಲ್ಲಿ ಬಂಡೆ ಹಿಂದಿನಿಂದ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಎದ್ದು ಬಂದು, "ಸಾಮೀ, ಅದು ನಮ್ ನಾಯಿ. ಕಚ್ಚಾಕಿಲ್ಲ, ಬನ್ನಿ" ಅಂದ. ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ಮಾತ್ರ ಆ ಫೋಟೋವನ್ನು ತೋಳ ಅಂತಲೇ ಸ್ಪರ್ಧೆಗೆ ಕಳಿಸಿ ಬಹುಮಾನ ತಗೊಂಡರು ಅಂತ ಆಮೇಲೆ ಕೇಳಿದೆ.

ಆ ಕುರಿಗಾಹಿಯೇ ಕರಿಯಣ್ಣ. ಗುಡ್ಡದ ಕೆಳಗಿನ ಹಟ್ಟಿಯವನು. ಅವತ್ತಿನಿಂದ ನಾವಿಬ್ಬರೂ ಜೊತೆ. ಯಾವ ಪೊದೆಯಲ್ಲಿ ಏನು ಮಲಗಿದೆ ಅಂತ ಅವನು ಹೇಳುವುದು, ಅಲ್ಲಿಗೆ ನಾನು ಜೀಪು ತಿರುಗಿಸುವುದು. ಹಟ್ಟಿಯಲ್ಲಿ ಅವನ ಮಾತಿಗೆ ತೂಕ ಇತ್ತು. ಯಾರ ಮರಿ ಯಾರ ಮಂದೆಗೆ ಸೇರಿಕೊಂಡಿತು, ಯಾರು ಯಾವ ಕಡೆ ಮೇಯಿಸಬೇಕು ಅನ್ನುವ ಜಗಳ ಬಂದರೆ "ಕರಿಯಣ್ಣನ್ನ ಕೇಳ್ರಲಾ" ಅನ್ನುವರು. ಅವನು ಅಂದದ್ದಕ್ಕೆ ಎದುರು ಇರಲಿಲ್ಲ. ಸಾಹುಕಾರರು ಅವನನ್ನು ಕ್ಯಾಂಪಿನ ಕೆಲಸಕ್ಕೆ ತಗೊಂಡು ಒಂದು ಹಸಿರು ಅಂಗಿ ಕೊಟ್ಟರು, ಎದೆ ಮೇಲೆ ಕ್ಯಾಂಪಿನ ಹೆಸರು ಇದ್ದದ್ದು. ಅವನಿಗೆ ಅದನ್ನು ಹಾಕಲು ನಾಚಿಕೆ. ಮೇಲೆ ಕಂಬಳಿ ಹೊದ್ದುಕೊಂಡೇ ಓಡಾಡುವನು. ಸಾಹುಕಾರರು "ಕಂಬಳಿ ತೆಗಿಯಯ್ಯ, ಹೆಸರು ಕಾಣ್ಲಿ" ಅಂತ ತಮಾಷೆ ಮಾಡುವರು.

ಆಗಿನ ಗೆಸ್ಟುಗಳೇ ಬೇರೆ. ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ. ಒಂದು ರೀಲಿಗೆ ಲೆಕ್ಕದ ಫೋಟೋ, ಅದಕ್ಕೆ ಕಾಯುವರು. ಕಾಯುತ್ತಾ ಕಾಯುತ್ತಾ ಹುಲ್ಲು, ಹಕ್ಕಿ, ಇರುವೆ ಎಲ್ಲಾ ನೋಡುವರು. ಆಮೇಲೆ ಬಂದ ಕ್ಯಾಮೆರಾ ಗುಂಡಿ ಒತ್ತಿದರೆ ಮಿಷನ್ ಗನ್ ಹಾಗೆ ಹೊಡೆಯುತ್ತದೆ. ಮೊಬೈಲು ಬಂದ ಮೇಲೆ ಕೇಳಲೇಬೇಡಿ. ಒಂದು ಪ್ರಾಣಿ ಕಂಡರೆ ಸಾಕು, ಕಾಲು ಗಂಟೆಯಲ್ಲಿ ಬೇರೆ ಬೇರೆ ಕಡೆಯ ಜೀಪುಗಳೆಲ್ಲ ಅಲ್ಲಿ. ಅದಕ್ಕೇ ನಮ್ಮ ಲೈನಿನಲ್ಲಿ ಒಂದು ಪಾಠ ಹುಟ್ಟಿಕೊಂಡಿತು. ಮರಿ ಇರುವ ಗವಿ ಗೊತ್ತಾದರೆ ಗೆಸ್ಟಿಗೆ ತೋರಿಸು, ಊರಿಗೆ ಹೇಳಬೇಡ. ಊರಿಗೆ ಗೊತ್ತಾದರೆ ಜಾತ್ರೆ ಆಗುತ್ತದೆ, ಪ್ರಾಣಿ ಗವಿ ಬಿಟ್ಟು ಓಡುತ್ತದೆ. ಈ ಪಾಠವನ್ನು ನನಗೆ ಹೇಳಿಕೊಟ್ಟವರು ದೊಡ್ಡ ದೊಡ್ಡ ಓದಿನವರು. ನಾನು ಕರಿಯಣ್ಣನಿಗೆ ಹೇಳಿಕೊಟ್ಟೆ. ಅವನು ಹೂಂ ಅಂದ.

ಹೀಗಿರುವಾಗ ಒಂದು ವರ್ಷ ಬಂಡೆಗುಡ್ಡದ ಗವಿಯಲ್ಲಿ ಕತ್ತೆಕಿರುಬ ಮರಿ ಹಾಕಿತು. ಮೈಮೇಲೆ ಪಟ್ಟೆ, ಬೆನ್ನಿನ ಮೇಲೆ ಕೆದರಿದ ಕೂದಲು, ಹಿಂದಿನ ಕಾಲು ಗಿಡ್ಡ. ನಡೆದರೆ ಕಾಲು ಉಳುಕಿದೆಯೋ ಏನೋ ಅನ್ನಿಸಬೇಕು. ಸತ್ತದ್ದನ್ನು ತಿಂದು ಬದುಕುವ ಪ್ರಾಣಿ. ನಮ್ಮ ಕಡೆ ಅಳಿದೇ ಹೋಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಹಟ್ಟಿಯ ಮುದುಕರು ಕಂಡಿದ್ದರು, ಈಚಿನ ಹುಡುಗರು ಹೆಸರೂ ಕೇಳಿರಲಿಲ್ಲ. ಕರಿಯಣ್ಣ ಅದನ್ನು ಕಂಡ ದಿನ ಓಡಿ ಬಂದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ರುದ್ರಣ್ಣ, ಅದೇ ಕಣಣ್ಣ! ಎರಡು ಮರಿ! ನಮ್ಮಪ್ಪ ಹೇಳ್ತಿದ್ನಲ್ಲ, ಅದೇ!" ಅಂತ ನನ್ನ ಕೈ ಹಿಡಿದು ಅಲ್ಲಾಡಿಸಿದ. ಎದುರಿನ ಬಂಡೆ ಮೇಲೆ ಗೆಸ್ಟುಗಳನ್ನು ಕೂರಿಸುವೆವು, ಒಂದು ಸಲಕ್ಕೆ ನಾಲ್ಕೇ ಜನ, ಪಿಸುಮಾತೂ ಇಲ್ಲ. ಸಾಯಂಕಾಲ ಬಿಸಿಲು ಇಳಿದ ಮೇಲೆ ಮರಿಗಳು ಗವಿ ಬಾಗಿಲಿಗೆ ಬಂದು ಒಂದರ ಕಿವಿ ಇನ್ನೊಂದು ಕಚ್ಚಿಕೊಂಡು ಆಡುವವು. ಕ್ಯಾಮೆರಾ ಇಲ್ಲದ ಕರಿಯಣ್ಣ ಎಲ್ಲರಿಗಿಂತ ಹೆಚ್ಚು ನೋಡುವನು. ನಾನು ಈ ಕೆಲಸಕ್ಕೆ ಬಂದದ್ದು ಸಾರ್ಥಕ ಅನ್ನಿಸಿದ್ದು ಆ ಕೆಲವು ವಾರ ಮಾತ್ರ.

ಅದೇ ದಿನಗಳಲ್ಲಿ ಹಟ್ಟಿಗೆ ಬೇರೊಂದು ಕಷ್ಟ ಬಂತು. ಕರಿಯಣ್ಣನ ತಮ್ಮ ಮೈಲಾರಿ. ಅವನ ಮಗಳು ಭಾಗ್ಯ, ಹೈಸ್ಕೂಲಿಗೆ ಹೋಗುತ್ತಿದ್ದವಳು. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಚಿರತೆ ಮೇಲೆ ಬಿತ್ತು. ಅವಳಮ್ಮ ಒನಕೆ ತಗೊಂಡು ಕಿರುಚಿಕೊಂಡು ಬಂದದ್ದಕ್ಕೆ ಜೀವ ಉಳಿಯಿತು. ಮುಖದ ಒಂದು ಭಾಗ ಹೋಯಿತು. ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದ ಆ ಮಗುವನ್ನು ನೋಡಿ ಬಂದ ರಾತ್ರಿ ನನಗೆ ಅನ್ನ ಸೇರಲಿಲ್ಲ. ಅರಣ್ಯ ಇಲಾಖೆಯವರು ಬೋನು ಇಟ್ಟರು. ಅದರೊಳಗೆ ಕಟ್ಟಿದ ಮೇಕೆ ದಿನಾ ಅರಚುತ್ತಿತ್ತು, ಚಿರತೆ ಆ ಕಡೆ ಬರಲೇ ಇಲ್ಲ. ರೆಸಾರ್ಟಿನವರೇ, ಅಂದರೆ ನಾವೇ, ಎಲ್ಲಿಂದಲೋ ತಂದು ಬಿಟ್ಟಿದ್ದೇವೆ ಅಂತ ಊರೂರಲ್ಲೂ ಮಾತು ಹುಟ್ಟಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ನಂಬಿದರು. ಮಗಳ ಮುಖ ಕಂಡ ಅಪ್ಪ ಏನನ್ನು ನಂಬುವುದಿಲ್ಲ ಹೇಳಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಪೇಟೆಯವರು ಚಿರತೆ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಾಗನ್ನುವವರು ಕಡಿಮೆ. ನಮಗೆ ಅದು ಕಿರುಬ. "ಕಿರುಬ ಬಂತು" ಅಂದರೆ ಚಿರತೆ ಬಂತು ಅಂತಲೇ ಅರ್ಥ. ಪಟ್ಟೆ ಪಟ್ಟೆಯ ಈ ಬಡಪಾಯಿ ಬೇರೆ, ಕತ್ತೆಕಿರುಬ. ಮೊದಲಿನ ಎರಡಕ್ಷರದಲ್ಲೇ ಎಲ್ಲಾ ಇದೆ.

ಒಂದು ಶನಿವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡಹೆಂಡಿರನ್ನು ಕರೆದುಕೊಂಡು ಹಳೇಬೀಡಿಗೆ ಹೋಗಿದ್ದೆ. ಗವಿ ನೋಡುವುದು ಸಾಯಂಕಾಲಕ್ಕೆ, ಅಲ್ಲಿಯವರೆಗೆ ಗುಡಿ ನೋಡಿ ಬರೋಣ ಅಂದಿದ್ದರು. ಅವರು ಒಳಗಿದ್ದರು, ನಾನು ಹೊರಗೆ ಕಾಫಿ ಕುಡಿಯುತ್ತಿದ್ದೆ. ಹಾರನಹಳ್ಳಿಯ ನನ್ನ ಷಡ್ಡಕ ಮೊಬೈಲಿಗೆ ಒಂದು ಮೆಸೇಜು ಕಳಿಸಿದ್ದ. "ಏನ್ರೀ ರುದ್ರಣ್ಣ, ಕಿರುಬನ್ನ ನಿಮ್ಮೋರೇ ಸಾಕವ್ರಂತಲ್ಲ, ನಿಜವಾ?" ಅಂತ ಕೇಳಿದ್ದ. ಅದರ ಕೆಳಗೆ, ಕ್ಯಾಂಪಿನ ಪ್ರಚಾರಕ್ಕೆ ನಮ್ಮ ಸಾಹುಕಾರರು ಬರೆದು ಹಂಚಿದ್ದು: "ನಮ್ಮ ಕ್ಯಾಂಪಿನ ಪಕ್ಕದ ಬಂಡೆಗುಡ್ಡದ ಗವಿಯಲ್ಲಿ ಕಿರುಬ ಮರಿ ಹಾಕಿದೆ. ಕುಟುಂಬ ಸಮೇತ ಬಂದು ವೀಕ್ಷಿಸಿ, ಆನಂದಿಸಿ."

ಕಾಫಿ ಲೋಟ ಅಲ್ಲೇ ಇಟ್ಟು ಫೋನ್ ಹಚ್ಚಿದೆ.

"ಸಾಹುಕಾರ್ರೇ, ಕತ್ತೆ ಎಲ್ಲಿ ಹೋಯ್ತು?"

"ಯಾವ ಕತ್ತೆನಯ್ಯ?"

"ಮೆಸೇಜಲ್ಲಿ ಸಾಹುಕಾರ್ರೇ! ಕತ್ತೆಕಿರುಬ ಅಂತ ಬರೀಬೇಕಲ್ವಾ?"

"ಓ, ಅದಾ. ಕುಟುಂಬ ಸಮೇತ ಬನ್ನಿ ಅಂತ ಕರೆದು ಕತ್ತೆ ಗಿತ್ತೆ ಅಂತ ಬರೆದ್ರೆ ಮರ್ಯಾದೆ ಇರ್ತದಾ? ಅದಕ್ಕೆ ಬಿಟ್ಟೆ."

"ಅಂಗಡೀಲಿ ಕತ್ತೆ ಪಟ ತೂಗಾಕಿದೀರಲ್ಲ, ನೋಡಿದ್ರೆ ಯೋಗ ಬರುತ್ತೆ ಅಂತ! ಅದಕ್ಕಿಲ್ಲದ ಮರ್ಯಾದೆ ಇದಕ್ಕೇನು? ಒಂದು ಫೋಟೋನಾದ್ರೂ ಹಾಕ್ಬಾರ್ದಾಗಿತ್ತಾ?"

"ಕಾಯಿ ಒಡೆದು ತೋರ್ಸಿ ಮಾರ್ತಾರೇನಯ್ಯ? ಪಟ ಹಾಕಿದ್ರೆ ಬಂದು ನೋಡೋಕೆ ಏನು ಉಳೀತದೆ?"

"ಹಳ್ಳಿ ಕಡೆ ಕಿರುಬ ಅಂದ್ರೆ ಚಿರತೆ ಸಾಹುಕಾರ್ರೇ. ಭಾಗ್ಯನ ಮುಖ ಕಿತ್ತ ಚಿರತೆ ಅಲ್ಲಿ ಮರಿ ಹಾಕೈತೆ, ಬಂದು ಆನಂದಿಸಿ ಅಂತ ಬರೆದಿದೀರ ನೀವು."

ಅತ್ತ ಕಡೆಯಿಂದ "ಶಿವ ಶಿವಾ" ಅಂತ ಒಂದು ಸಣ್ಣ ಧ್ವನಿ. ಈಗಲೇ ಅಳಿಸುತ್ತೇನೆ ಅಂದರು. ಅಳಿಸಿಯೂ ಅಳಿಸಿದರು. ಹಾರನಹಳ್ಳಿ ಮುಟ್ಟಿದ ಮಾತು ಕಾವಲಿನ ಪಕ್ಕದ ಹಟ್ಟಿ ಮುಟ್ಟದೆ ಇರುತ್ತದೆಯೇ? ಕರಿಯಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗುಡಿಯೊಳಗೆ ನುಗ್ಗಿ ಗೆಸ್ಟುಗಳನ್ನು ಹೊರಡಿಸಿದೆ. ಆಯಮ್ಮ "ಬೇಲೂರು?" ಅಂದರು. "ಬೇಲೂರು ಎಲ್ಲೂ ಓಡೋಗಲ್ಲ ತಾಯಿ, ಹತ್ತಿ" ಅಂದೆ.

ಜಾವಗಲ್ ದಾಟಿ ಕಾವಲಿಗೆ ಇಳಿಯುವ ಹೊತ್ತಿಗೆ ಗುಡ್ಡದ ಬುಡದಲ್ಲಿ ಜನ ಕಂಡರು. ಗವಿ ಬಾಗಿಲಿಗೆ ಒಣಗಿದ ಲಂಟಾನ, ತೆಂಗಿನ ಗರಿ ತುಂಬುತ್ತಿದ್ದರು. ಇನ್ನೂ ಬೆಂಕಿ ಹಾಕಿರಲಿಲ್ಲ. ಜೀಪು ನಿಲ್ಲಿಸಿ, ಗೆಸ್ಟುಗಳಿಗೆ ಇಳಿಯಬೇಡಿ ಅಂತ ಹೇಳಿ ಓಡಿದೆ. ನಡುವೆ ಕರಿಯಣ್ಣ, ಗವಿಗೆ ಬೆನ್ನು ಮಾಡಿ ಎರಡೂ ಕೈ ಅಗಲಿಸಿ ನಿಂತಿದ್ದ. ಎದುರಿಗೆ ಮೈಲಾರಿ, ಕೈಯಲ್ಲಿ ಸೀಮೆಎಣ್ಣೆ ಡಬ್ಬ.

"ಮೈಲಾರೀ, ಭಾಗ್ಯನ ಹಿಡಿದಿದ್ದು ಇದಲ್ಲ ಕಣೋ. ಇದು ಕತ್ತೆಕಿರುಬ. ಹಳೇದು. ಅಪ್ಪ ಹೇಳ್ತಿರ್ಲಿಲ್ವಾ? ಮನುಷ್ಯರ ತಂಟೆಗೆ ಬರಾಕಿಲ್ಲ."

"ಕಿರುಬ ಮರಿ ಹಾಕೈತೆ ಅಂತ ನಿನ್ ಧಣಿನೇ ಬರೆದವ್ರೆ. ನೀನು ಇಲ್ಲ ಅಂತೀಯ. ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ? ನಮ್ಮೊಬ್ರಿಗೂ ಹೇಳ್ಲಿಲ್ವಲ್ಲೋ!"

 ಯಾರೋ ಹಿಂದಿನಿಂದ "ಅವ್ನು ರೆಸಾರ್ಟಿನ ಅಂಗಿ ಹಾಕ್ಕಂಡು ರೆಸಾರ್ಟಿನ ಮಾತೇ ಆಡ್ತಾನೆ, ಮೊದ್ಲು ಅಂಗಿ ಬಿಚ್ಚು ಅನ್ರಲಾ" ಅಂತ ಕೂಗಿದರು. ನಾನು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ನನ್ನ ಮಾತು ಯಾರಿಗೆ ಬೇಕು, ನಾನು ಜೀಪಿನವನು. ಕರಿಯಣ್ಣ ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಆ ಹಸಿರು ಅಂಗಿಯನ್ನು ತಲೆ ಮೇಲಿಂದ ಎಳೆದು ಬಿಚ್ಚಿ ಪೊದೆ ಮೇಲೆ ಎಸೆದ. ಬರೀ ಮೈಯಲ್ಲಿ ನಿಂತು, "ಈಗ ಕೇಳ್ರಪ್ಪ. ನಿಮ್ ಕರಿಯಣ್ಣ ಹೇಳ್ತಾವ್ನೆ. ಇದು ಅದಲ್ಲ" ಅಂದ.

ಗದ್ದಲ ನಿಂತಿತು. ನಿಜವಾಗಿ ನಿಂತಿತು. ಒಬ್ಬ ಮುದುಕ "ಅವ್ನು ಅಂತಾನೆ ಅಂದ್ರೆ ಒಸಿ ತಡೀರ್ಲಾ" ಅಂದ. ಮೈಲಾರಿ ಡಬ್ಬ ಹಿಡಿದಿದ್ದ ಕೈ ಕೆಳಗಿಳಿಸಿದ.

ಆಗ ಜೀಪಿನ ಕಡೆಯಿಂದ ಟಕಟಕ ಟಕಟಕ ಅಂತ ಸದ್ದು ಬಂತು. ಆಯಮ್ಮ ಸೀಟಿನ ಮೇಲೆ ನಿಂತು, ಉದ್ದನೆಯ ಲೆನ್ಸನ್ನು ಬರೀಮೈಯ ಕರಿಯಣ್ಣನ ಕಡೆ ಹಿಡಿದಿದ್ದರು. ಕೇಡು ಬಯಸಿ ತೆಗೆದದ್ದಲ್ಲ, ಆಕೆಯ ಕೈಗೆ ಅದು ಅಭ್ಯಾಸ. ಎಲ್ಲರೂ ತಿರುಗಿ ನೋಡಿದರು.

"ನೋಡ್ರಲಾ, ಫೋಟೋಗೆ ನಿಂತವ್ನೆ! ಕುಣೀತಾವ್ನೆ ಅವರ ಮುಂದೆ!"

ಅಷ್ಟೇ. ಇಬ್ಬರು ಅವನ ರಟ್ಟೆ ಹಿಡಿದು ಎಳೆದು ಹಾಕಿದರು. ನನ್ನನ್ನು ಯಾರೋ ತಳ್ಳಿದರು, ಬಿದ್ದೆ. ಬೆಂಕಿ ಹತ್ತಿತು. ಮೆಣಸಿನಕಾಯಿಯನ್ನೂ ಹಾಕಿದ್ದರು, ಕೆಮ್ಮಿ ಕೆಮ್ಮಿ ಎಲ್ಲರ ಕಣ್ಣಲ್ಲೂ ನೀರು. ಗವಿಯೊಳಗಿಂದ ಬಂದ ಸದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಹೊಗೆ ಇಳಿದ ಮೇಲೆ ಗಳ ಹಾಕಿ ಎಳೆದರು. ಮೊದಲು ತಾಯಿ ಬಂತು, ಅದರ ಹೊಟ್ಟೆಗೆ ಅಂಟಿಕೊಂಡ ಹಾಗೇ ಮರಿಗಳು. ಪಟ್ಟೆ ಕಂಡವು.  ಆ ಮುದುಕ ಬಗ್ಗಿ ನೋಡಿ, "ಅಯ್ಯೋ, ಕತ್ತೆಕಿರುಬ ಕಣ್ರಲಾ ಇದು. ಪಾಪದ್ದು" ಅಂದ. ಮೈಲಾರಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. "ಕಿರುಬ ಅಂತ ಬರೆದಿದ್ರಲ್ಲಾ" ಅಂದ. ಮತ್ತೆ ಮತ್ತೆ ಅದನ್ನೇ ಅಂದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೂ ಬರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೇಸಾಯಿತು. ಬೆಂಕಿ ಹಾಕಿದವರು ಯಾರು ಅಂತ ಕರಿಯಣ್ಣನನ್ನು ಕೂರಿಸಿಕೊಂಡು ಕೇಳಿದರು. "ಹೊಗೆ ಇತ್ತು ಸಾಮಿ, ಯಾರೂ ಕಾಣ್ಲಿಲ್ಲ" ಅಂದ. ಬೆಳಿಗ್ಗೆಯಿಂದ ಸಂಜೆ ತನಕ ಅದನ್ನೇ ಅಂದ. ಆದರೆ ಆಯಮ್ಮನ ಫೋಟೋಗಳು ಇದ್ದವಲ್ಲ, ಒಂದೊಂದು ಮುಖವೂ ಕನ್ನಡಿಯಲ್ಲಿ ಕಂಡ ಹಾಗೆ. ಆಕೆ ಪ್ರಾಣಿಗೆ ನ್ಯಾಯ ಸಿಗಲಿ ಅಂತ ಅತ್ತುಕೊಂಡೇ ಕೊಟ್ಟರು. ಮೈಲಾರಿಯನ್ನು ಒಳಗೆ ಹಾಕಿದರು. ಮಗಳು ಆಸ್ಪತ್ರೆಯಲ್ಲಿ, ಅಪ್ಪ ಜೈಲಿನಲ್ಲಿ. ಜಾಮೀನು ಸಿಕ್ಕಿತು, ಕೋರ್ಟಿಗೆ ಅಲೆಯುವುದು ಮಾತ್ರ ಇವತ್ತಿಗೂ ನಿಂತಿಲ್ಲ. ಅಣ್ಣನೇ ಹೆಸರು ಹೇಳಿ ಹಿಡಿಸಿದ ಅಂತ ಹಟ್ಟಿಯೆಲ್ಲ ನಂಬಿತು. ಭಾಗ್ಯನನ್ನು ಕೆಡವಿದ ಚಿರತೆ ಮುಂದೆ ಕಣಕಟ್ಟೆ ಕಡೆಯ ಒಂದು ತೋಟದಲ್ಲಿ ಬೋನಿಗೆ ಬಿತ್ತಂತೆ. ಅದೇನಾ ಬೇರೆಯದಾ, ದೇವರಿಗೇ ಗೊತ್ತು.

ಸಾಹುಕಾರರು ಲಾಯರನ್ನು ಹಿಡಿದುಕೊಟ್ಟರು, ಹಟ್ಟಿಯವರು ಬೇಡ ಅಂದರು. ಕ್ಯಾಂಪು ನಡೆಯುತ್ತಿದೆ. ಈಗ ಹಕ್ಕಿ ಫೋಟೋ ತೆಗೆಯುವವರು ಬರುತ್ತಾರೆ. ನಾನು ಸ್ವಲ್ಪ ದಿನ ಜೀಪು ಓಡಿಸಿದೆ. ಗುಡ್ಡದ ಹತ್ತಿರ ಬಂದಾಗ ಗೆಸ್ಟುಗಳು "ಇಲ್ಲೇನು ಸಿಗುತ್ತೆ?" ಅಂತ ಕೇಳುವರು. ಏನೂ ಇಲ್ಲ ಅಂತ ಹೇಳಿ ಹೇಳಿ ಸಾಕಾಯಿತು, ಬಿಟ್ಟೆ.

ಬಿಟ್ಟ ಮೇಲೆ ಒಂದು ದಿನ ಹಟ್ಟಿಗೆ ಹೋದೆ. ಕರಿಯಣ್ಣ ಜಗಲಿ ಮೇಲೆ ಕೂತಿದ್ದ. ಪಕ್ಕದ್ದೇ ಮೈಲಾರಿಯ ಮನೆ, ನಡುವೆ ಒಂದೇ ಗೋಡೆ. "ಅವ್ನು ಕೆಮ್ಮಿದ್ರೆ ಇಲ್ಲಿಗೆ ಕೇಳ್ತೈತೆ ರುದ್ರಣ್ಣ. ಮಾತಿಲ್ಲ" ಅಂದ. ಅವನ ಹೆಂಡತಿ ಮಜ್ಜಿಗೆ ಕೊಟ್ಟು ಒಳಗೆ ಹೋದರು. ನಾನು ಸಮಾಧಾನ ಹೇಳಲು ನೋಡಿದೆ. ಸಾಹುಕಾರರು ಆ ಎರಡಕ್ಷರ ಬಿಡದಿದ್ದರೆ, ಆಯಮ್ಮ ಆ ಗಳಿಗೆಯಲ್ಲಿ ಕ್ಯಾಮೆರಾ ಎತ್ತದಿದ್ದರೆ, ಅಂತ ಏನೇನೋ ಅಂದೆ. ಕರಿಯಣ್ಣ ತಲೆ ಅಲ್ಲಾಡಿಸಿದ.

"ಅದೆಲ್ಲ ಆಮೇಲಿಂದು. ಬೆಂಗ್ಳೂರಿಂದ ಬಂದೋರ್ನೆಲ್ಲ ಆ ಬಂಡೆ ಮೇಲೆ ಕೂರ್ಸಿ ತೋರ್ಸಿದ್ವಿ. ಹೆಸರು ಗೊತ್ತಿಲ್ಲದೋರ್ಗೆಲ್ಲ ತೋರ್ಸಿದ್ವಿ. ನನ್ ತಮ್ಮ ಇಲ್ಲೇ ಇದ್ದ, ಈ ಗೋಡೆ ಆಚೆ. ಒಂದೇ ಒಂದು ಸಂಜೆ ಅವನ್ನ ಕರ್ಕೊಂಡೋಗಿ, ನೋಡ್ಲಾ ಮೈಲಾರಿ, ಅಪ್ಪ ಹೇಳ್ತಿದ್ದದ್ದು ಇದೇಯ ಅಂತ ತೋರ್ಸಿದ್ರೆ, ಆವತ್ತು ನನ್ ಮಾತೇ ಬೇಕಾಗಿರ್ಲಿಲ್ಲ."

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. ಗೋಡೆಯಾಚೆ ಯಾರೋ ಕೆಮ್ಮಿದರು. ಕರಿಯಣ್ಣ ಮಾತು ನಿಲ್ಲಿಸಿ, ಆ ಕೆಮ್ಮು ಮುಗಿಯುವ ತನಕ ಕೇಳಿಸಿಕೊಂಡು ಕೂತ.